ಮಂತ್ರವಿಲ್ಲದ ಕಣಿ

ಜೂನ್ ೪

ಬುಗುರಿಗೆ,

ನಿನ್ನ ಕಟ್ಟು ತಲುಪಿತು. ಅಂಚೆಯವನು ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದದ್ದು ನೋಡಿ, ಕೊನೆಗೂ ನನ್ನ ತಂಗಿ ಕೆಲಸಕ್ಕೆ ಬರುವಂಥದ್ದೇನನ್ನೋ ಕಳಿಸಿದ್ದಾಳೆ ಎಂದುಕೊಂಡೆ. ಬಿಚ್ಚಿದರೆ ಡ್ರ್ಯಾಗನ್ನು.

ನಿಮ್ಮ ಆಟದ ನಿಯಮಗಳ ಪುಸ್ತಕ ಅಚ್ಚಿಗೆ ಹೋಗುತ್ತಿದೆ, ಭಾಷೆ ತಿದ್ದಿಕೊಡು ಎಂದು ಬರೆದಿದ್ದೀಯ. ತಿದ್ದುತ್ತೇನೆ. ಇಷ್ಟು ವರ್ಷ ಕಾಲೇಜಿನಲ್ಲಿ ಪದ್ಯ ಪಾಠ ಮಾಡಿದ ಕೈ ಇನ್ನು ಮುಂದೆ ಕುಬ್ಜನ ಕೊಡಲಿಗೆ ಎಷ್ಟು ಪೆಟ್ಟು ಎಂಬಲ್ಲಿ ಅಲ್ಪವಿರಾಮ ಹಾಕಲಿ. ನನಗೆ ಅರ್ಥವಾದ ಮಟ್ಟಿಗೆ ಆಟ ಇಷ್ಟು: ವಯಸ್ಸಿಗೆ ಬಂದ ಐದಾರು ಜನ ಮೇಜಿನ ಸುತ್ತ ಕೂರುತ್ತೀರಿ. ಒಬ್ಬರು ಕಥೆ ನಡೆಸುತ್ತೀರಿ, ಉಳಿದವರು ಕತ್ತಿಯವನೋ ಮಾಂತ್ರಿಕನೋ ಕಳ್ಳನೋ ಆಗುತ್ತೀರಿ. ಮುಂದೇನಾಗುತ್ತದೆ ಎಂದು ತಿಳಿಯದಿದ್ದಾಗ ದಾಳ ಹಾಕುತ್ತೀರಿ. ನೀನು ಬದುಕನ್ನೂ ಹೀಗೆಯೇ ನಡೆಸಿಕೊಂಡು ಬಂದವಳು. ಹಾಗಾಗಿ ಆಶ್ಚರ್ಯವಿಲ್ಲ.

ಡ್ರ್ಯಾಗನ್ನನ್ನು ಕ್ಷಮಿಸಿದೆ. ಏಳನೇ ಅಧ್ಯಾಯವನ್ನು ಕ್ಷಮಿಸಲಾರೆ. 'ಮಂತ್ರವಿಲ್ಲದ ಕಣಿ' ಅಂತೆ. ಮಾಂತ್ರಿಕನಿಗಾದರೆ ನಿಜವಾಗಿಯೂ ಭವಿಷ್ಯ ಕಾಣುತ್ತದೆ; ಮಂತ್ರ ಬಾರದ ಬಡಪಾಯಿ ಪಾತ್ರ ಎದುರಿಗೆ ಕೂತವರ ಕೈಕಾಲು, ಚೀಲ, ಉಸಿರು ನೋಡಿ ಭವಿಷ್ಯ ಹೇಳಿದಂತೆ ನಟಿಸಬೇಕು. ಅದನ್ನು ಹೇಗೆ ಮಾಡುವುದು ಎಂದು ಎಂಟು ಪುಟ. ಮೋಸಕ್ಕೂ ಪಠ್ಯಪುಸ್ತಕ ಬರೆದಿರಲ್ಲ, ಭೇಷ್.

ಇನ್ನು ಮುಖ್ಯ ವಿಷಯ. ನನ್ನ ಮಗಳು ನಿನ್ನ ಮನೆ ಸೇರಿ ಎರಡು ತಿಂಗಳಾಯಿತು. ಕೊನೆಯ ವರ್ಷದ ಅರ್ಧಕ್ಕೆ ಎದ್ದು ಹೋದವಳ ಸೀಟನ್ನು ಕಾಲೇಜಿನವರು ನನ್ನ ಮುಖ ನೋಡಿ ಜುಲೈ ಕೊನೆಯವರೆಗೆ ಹಿಡಿದಿಟ್ಟಿದ್ದಾರೆ. ಅಷ್ಟರೊಳಗೆ ಅವಳು ಮನೆಗೆ ಬಂದು ಸಹಿ ಹಾಕಬೇಕು. ಹೊರಗಿನವರ ಮಕ್ಕಳಿಗೆ ಬುದ್ಧಿ ಹೇಳುವವಳ ಸ್ವಂತ ಮಗಳೇ ಚಿಕ್ಕಮ್ಮನ ಅಂಗಡಿಯಲ್ಲಿ ಪುಸ್ತಕಕ್ಕೆ ರಟ್ಟು ಅಂಟಿಸುತ್ತಾ ಕೂತಿದ್ದಾಳೆಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತು. ಫೋನು ಬೇಡ, ಹಿಂದಿನ ಸಲ ನಾವಿಬ್ಬರೂ ಫೋನಿನಲ್ಲಿ ಆಡಿದ್ದು ಸಾಕು. ಅವಳು ಸರಿಯಾಗಿ ಊಟ ಮಾಡುತ್ತಾಳೆಯೇ? ನಾನು ಕೇಳಿದೆ ಎಂದು ಹೇಳಬೇಡ.

ನಿನ್ನ ಭಾವ ಎಂದಿನಂತೆ ಯಾರ ಪಕ್ಷವೂ ಅಲ್ಲ, ಪೇಪರಿನ ಪಕ್ಷ.

ಅಕ್ಕ


ಜೂನ್ ೧೨

ಅಕ್ಕಾ,

ಊಟ ಮಾಡುತ್ತಾಳೆ. ನನಗಿಂತ ಹೆಚ್ಚು ಮಾಡುತ್ತಾಳೆ, ಆದರೂ ಕಡ್ಡಿ ಕಡ್ಡಿಯಾಗಿಯೇ ಇದ್ದಾಳೆ. ಬೆಳಿಗ್ಗೆ ಅಂಗಡಿಯಲ್ಲಿ ನನ್ನ ಜೊತೆ ಹೊಲಿಗೆ, ಅಂಟು. ಸಂಜೆ ಹಿಂದಿನ ಕೋಣೆಯಲ್ಲಿ ಆಟ. ಸೀಟಿನ ವಿಷಯ ಎತ್ತಿದೆ. ನೋಡೋಣ ಚಿಕ್ಕಮ್ಮ ಎಂದಳು. ಅವಳ 'ನೋಡೋಣ' ಎಂದರೆ ಏನೆಂದು ನಿನಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು.

ನೀನು ಒಂದೊಂದೇ ಅಧ್ಯಾಯ ತಿದ್ದಿ ಕಳಿಸಿದ ದಿನವೆಲ್ಲ ಇಲ್ಲಿ ಹಬ್ಬ. ಸುಳ್ಳಲ್ಲ. ಆಟ ಶುರುವಾಗುವ ಮೊದಲು ನಿನ್ನ ಕಾಗದವನ್ನು ಗಟ್ಟಿಯಾಗಿ ಓದುವ ಪದ್ಧತಿಯೇ ಆಗಿಬಿಟ್ಟಿದೆ (ಮನೆ ವಿಷಯ ಬಿಟ್ಟು, ಗಾಬರಿಯಾಗಬೇಡ). ನಿನಗೆ 'ಕೆಂಪು ಶಾಯಿ' ಎಂದು ಹೆಸರಿಟ್ಟಿದ್ದಾರೆ. ಯಾರು ಬರೆದ ಅಧ್ಯಾಯಕ್ಕೆ ಹೆಚ್ಚು ಬೈಗುಳ ಬೀಳುತ್ತದೋ ಅವರು ಅಂದು ಮೊದಲ ದಾಳ ಹಾಕಬೇಕು. ಡ್ರ್ಯಾಗನ್ನಿನ ಅಧ್ಯಾಯ ಬರೆದ ಬೇಕರಿಯವನಿಗೆ ಮೊನ್ನೆ ಆ ಗೌರವ ಸಿಕ್ಕಿತು. "ನಿಮ್ಮಕ್ಕ ಬೈದ್ರೆ ಬೇಜಾರೇ ಆಗಲ್ಲ ಕಣ್ರೀ, ಅಷ್ಟು ಅಚ್ಚುಕಟ್ಟಾಗಿ ಬೈತಾರೆ" ಎಂದ. ನಿನ್ನ ಮಗಳೂ ಮೇಜಿನ ಕೊನೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಾಳೆ.

ಏಳನೆಯದು ನಮ್ಮಲ್ಲಿ ಹೊಸಬರು ಬರೆದದ್ದು. ಮೊದಲ ಸಲ ಬರೆದವರು. ಇಡೀ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಅದು. ಮಂತ್ರ ಇರುವವನಿಗೇನು, ಕೇಳಿದರೆ ದೇವರೇ ಬಂದು ಹೇಳುತ್ತಾನೆ. ಏನೂ ಇಲ್ಲದವರು ಬರೀ ಕಣ್ಣು ಕಿವಿ ನಂಬಿಕೊಂಡು ಬದುಕುವುದು ಹೇಗೆ ಎಂದು ಬೇರೆ ಯಾವ ಆಟದಲ್ಲೂ ಇಷ್ಟು ಚೆನ್ನಾಗಿ ಬರೆದದ್ದು ನಾನು ನೋಡಿಲ್ಲ. ದಯವಿಟ್ಟು ಪೂರ್ತಿ ಓದಿ ನಿನ್ನ ಅಭಿಪ್ರಾಯ ಬರೆ. ಅಭಿಪ್ರಾಯ ಎಂದೆ, ಅಲ್ಪವಿರಾಮ ಅಲ್ಲ.

ಬುಗುರಿ


ಜೂನ್ ೨೩

ಬುಗುರಿಗೆ ಮತ್ತು ಮೇಜಿನ ಸುತ್ತ ಕೂತಿರುವ ಮಹನೀಯರಿಗೆ,

ಸಭೆ ಇದೆಯೆಂದು ಮೊದಲೇ ಹೇಳಿದ್ದರೆ ಇನ್ನೂ ಚೆನ್ನಾಗಿ ಬೈಯುತ್ತಿದ್ದೆ. ನನ್ನ ಮಗಳೂ ಕೇಳುತ್ತಾಳೆಂದು ತಿಳಿದು ಸಂತೋಷ. ಎರಡು ವಾಕ್ಯ ಜೋಡಿಸಲು ಬಾರದ ಹುಡುಗಿ. ಕಿವಿಗಾದರೂ ಒಂದಿಷ್ಟು ಭಾಷೆ ಬೀಳಲಿ.

ಏಳನೇ ಅಧ್ಯಾಯ ಓದಿದೆ. ಇದನ್ನು ಬರೆದವನಿಗೆ ಕ್ರಿಯಾಪದ ಎಂದರೆ ಭಯ. ಪ್ರತಿ ಪುಟದಲ್ಲಿ 'ಬಹುಶಃ'. ಅಷ್ಟಿದ್ದರೂ, ಕಣ್ಣಿದೆ. ನ್ಯಾಯವಾಗಿ ಒಪ್ಪಿಕೊಳ್ಳುತ್ತೇನೆ. ಮೊದಲ ನಿಯಮ ನೋಡಿ: "ಗಿರಾಕಿ ಒಳಗೆ ಬಂದಾಗ ಮುಖ ನೋಡಬೇಡಿ. ಮುಖ ಮನೆಯಿಂದಲೇ ತಯಾರಾಗಿ ಬಂದಿರುತ್ತದೆ. ಚೀಲ ಎಲ್ಲಿ ಇಡುತ್ತಾರೆ ನೋಡಿ." ಇದನ್ನು ನಮ್ಮ ವಿಭಾಗದ ಮುಖ್ಯಸ್ಥರ ಮೇಲೆ ಪ್ರಯೋಗಿಸಿದೆ. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಅದರ ಹಿಡಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು. ನಿಮ್ಮ ಕುರ್ಚಿಯ ಮೇಲೆ ಯಾರದೋ ಕಣ್ಣಿದೆ ಅನಿಸುತ್ತದೆ ಸಾರ್ ಎಂದೆ. ಮನುಷ್ಯ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದು, ಯಾರು ಎಂದು ಪಿಸುಗುಟ್ಟಿದರು. ಪಿಎಚ್.ಡಿ. ಮಾಡಿದವರು. ಅಂದಿನಿಂದ ದಿನಾ ಬರುತ್ತಾರೆ, ನನ್ನ ಮುಂದೆ ಅಂಗೈ ಚಾಚುವುದೊಂದು ಬಾಕಿ. ವಿದ್ಯೆ ಕೆಲಸ ಮಾಡುತ್ತದೆ. ಅದರಿಂದ ವಿದ್ಯೆಯ ಮೇಲೆ ಗೌರವ ಹುಟ್ಟಲಿಲ್ಲ, ಜನರ ಮೇಲೆ ಇದ್ದದ್ದು ಹೋಯಿತು.

ಮುಂದೆ ಬರುತ್ತದೆ: "ಬೀಗದ ಕೈಯನ್ನು ಮೇಜಿನ ಮೇಲೆ ಎಸೆದರೆ ಕೋಪ ಹೊರಗಿನವರ ಮೇಲೆ; ಬೇಗ ಇಳಿಯುತ್ತದೆ. ಸದ್ದಾಗದಂತೆ ಇಟ್ಟರೆ ನಿಮ್ಮ ಮೇಲೆ. ಆ ಸಂಜೆ ಕಣಿ ಹೇಳಬೇಡಿ." ಮತ್ತೆ: "ಮಾತು 'ಪರವಾಗಿಲ್ಲ' ಎಂದು ಶುರುವಾದರೆ ಅದರ ಮುಂದೆ ಏನಿದೆ ಎಂದು ಕಣಿಯವಳಿಗೆ ಆಗಲೇ ತಿಳಿದಿರಬೇಕು." ಇನ್ನೊಂದಂತೂ ಅದ್ಭುತ: "ಈ ವಿದ್ಯೆಯನ್ನು ಮನೆಯವರ ಮೇಲೆ ಬಳಸಿದರೆ ದಾಳಕ್ಕೆ ಎರಡು ಕೂಡಿಸಿಕೊಳ್ಳಿ. ಅಭ್ಯಾಸ ಹೆಚ್ಚು."

ಈಗ ಸಭಿಕರು ಗಮನವಿಟ್ಟು ಕೇಳಬೇಕು. ಬರೆದವನನ್ನು ನಾನು ಕಂಡಿಲ್ಲ. ಅವನ ವಿದ್ಯೆಯಿಂದಲೇ ಅವನ ಕಣಿ ಹೇಳುತ್ತೇನೆ. ಮೂವತ್ತು ದಾಟಿದವ. ಯಾವುದೋ ಕಚೇರಿಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂರುವವ. ಬುದ್ಧಿವಂತನಲ್ಲ, ಹೆದರಿದವ, ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಬೀಗದ ಕೈಯ ಸದ್ದನ್ನು ಹಾಗೆ ಯಾರು ಕೇಳಿಸಿಕೊಳ್ಳುತ್ತಾರೆ? ಒಳಗೆ ಕೂತು ಕಾಯುವವರು. ಇವನ ಮನೆಯಲ್ಲಿ ಒಬ್ಬನಿದ್ದ. ಕುಡುಕ ಅಪ್ಪ ಎಂದು ನನ್ನ ಪಣ. ಅವನ ಮುಖ ನೋಡಿ ಮಾತು, ಮುಖ ನೋಡಿ ತುತ್ತು. ಅಂಥ ಮನೆಯ ಮಕ್ಕಳು ಬೆಳೆಯುವುದಿಲ್ಲ, ಕಾವಲು ಕಾಯುತ್ತಾರೆ. ಮಕ್ಕಳಿಗೆ ತನ್ನ ಮುಖವನ್ನೇ ಪಾಠ ಮಾಡಿಸಿದ ಮನುಷ್ಯನಿಗೆ ಮಕ್ಕಳನ್ನು ಪಡೆಯುವ ಯೋಗ್ಯತೆ ಇರಲಿಲ್ಲ. ಬರೆದವನಿಗೆ ಹೇಳಿ: ಮನೆ ಬಿಟ್ಟಿದ್ದರೆ ಒಳ್ಳೆಯದಾಯಿತು. ಮತ್ತೆ ಆ ಕಡೆ ತಲೆ ಹಾಕದಿರಲಿ.

ಚಪ್ಪಾಳೆ ತಟ್ಟಿ, ದಾಳ ಹಾಕಿಕೊಳ್ಳಿ.

ಕೆಂಪು ಶಾಯಿ


ಜುಲೈ ೫

ಅಕ್ಕಾ,

ತಡವಾಯಿತು. ಅಂಗಡಿಯಲ್ಲಿ ಕೆಲಸ ಇತ್ತು.

ಬರೆದವರ ಅಪ್ಪ ಕುಡಿಯುವುದಿಲ್ಲ. ಮನೆಯಲ್ಲಿ ಯಾರೂ ಹೊಡೆದವರಲ್ಲ. ಅಷ್ಟು ತಿಳಿಸಬೇಕು ಅನಿಸಿತು.

ಸೀಟಿನ ಬಗ್ಗೆ ಸದ್ಯ ನಾನು ಕೇಳಲಾರೆ. ಈ ವಾರ ಅವಳು ಆಟಕ್ಕೆ ಕೂರುತ್ತಿಲ್ಲ.

ಬುಗುರಿ


ಜುಲೈ ೯

ಬುಗುರಿ,

ನಿನ್ನ ಕಾಗದ ಓದಲು ಕಷ್ಟವೇನೂ ಆಗಲಿಲ್ಲ, ಅಷ್ಟು ಸಣ್ಣದು. ನಿಮ್ಮ ಹೊಸಬರಿಗೆ ನೋವಾಯಿತು ಎಂದು ಕಾಣುತ್ತದೆ. ಆಗಲಿ. ಹೊಗಳಿಕೆ ಬೇಕಿದ್ದರೆ ಬೇಕರಿಯವನಿಗೆ ತೋರಿಸಬೇಕಿತ್ತು.

ಆದರೆ "ಕೇಳಲಾರೆ" ಎಂದರೆ ಏನು? ಗಡುವು ಹತ್ತಿರ ಬರುತ್ತಿದೆ. ನಲವತ್ತು ದಾಟಿದರೂ ದಾಳ ಉರುಳಿಸುತ್ತಾ ಕೂತವಳು ನೀನು. ನಿನಗೆ ಮಕ್ಕಳ ಭವಿಷ್ಯ ಎಂದರೆ ಮೇಜಿನ ಮೇಲಿನ ಆಟ. ಬೇರೆಯವರ ಮಗಳಿಗೆ ಒಳ್ಳೆಯ ಚಿಕ್ಕಮ್ಮನಾಗುವುದು ಬಹಳ ಸುಲಭ. ಊಟ ಹಾಕು, ನಗಿಸು, ಮುಗಿಯಿತು. ಬೆಳೆಸುವ ಕಷ್ಟ ನನ್ನದು. ಅವಳು ಬರೆದದ್ದು ಚೆನ್ನಾಗಿಲ್ಲದಾಗ ಚೆನ್ನಾಗಿಲ್ಲ ಎಂದು ಹೇಳಿದವಳು ಈ ಲೋಕದಲ್ಲಿ ನಾನೊಬ್ಬಳೇ. ಅದನ್ನು ಪ್ರೀತಿ ಎನ್ನುತ್ತಾರೆ, ನಿಮ್ಮ ಪುಸ್ತಕದಲ್ಲಿ ಅದಕ್ಕೆ ನಿಯಮ ಇಲ್ಲದಿರಬಹುದು.

ಶನಿವಾರದ ಬಸ್ಸಿಗೆ ಅವಳನ್ನು ಹತ್ತಿಸು. ನೀನು ಅವಳನ್ನು ಹಿಡಿದಿಟ್ಟುಕೊಂಡಿದ್ದೀಯ ಎಂದು ನನಗೀಗ ಅನುಮಾನವೂ ಅಲ್ಲ, ಖಾತ್ರಿ.

ಅಕ್ಕ


ಜುಲೈ ೧೩

ಅಕ್ಕಾ,

ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಮುರಿಯುತ್ತಿದ್ದೇನೆ.

ಏಳನೇ ಅಧ್ಯಾಯ ನಿನ್ನ ಮಗಳು ಬರೆದದ್ದು.

ಇಲ್ಲಿಗೆ ಬಂದ ದಿನ ಏನಾಯಿತೇ ಎಂದು ಕೇಳಿದ್ದೆ. "ಏನೂ ಆಗಿಲ್ಲ ಚಿಕ್ಕಮ್ಮ. ಅದೇ" ಎಂದಳು. ಆಮೇಲೆ ಆಟದಲ್ಲಿ ಪಾತ್ರ ಆರಿಸಿಕೊ ಎಂದಾಗ ಕಣಿ ಹೇಳುವವಳಾದಳು. ಮಂತ್ರ ಬೇಡವೇ ಎಂದರೆ, ಬೇಡ, ನನಗೆ ಹಾಗೇ ಬರುತ್ತದೆ ಎಂದಳು. ನಾವು ನಕ್ಕೆವು. ಮೊದಲ ಸಂಜೆಯೇ ಬೇಕರಿಯವನು ಬಾಯಿ ತೆರೆಯುವ ಮೊದಲು ಅವನು ಹೆಂಡತಿಯ ಜೊತೆ ಜಗಳವಾಡಿ ಬಂದಿದ್ದಾನೆ ಎಂದು ಹೇಳಿಬಿಟ್ಟಳು. ಎಲ್ಲಿ ಕಲಿತೆ, ಬರೆದು ಕೊಡು ಎಂದು ಹಿಂದೆ ಬಿದ್ದವಳು ನಾನು. ನಿನಗೆ ಕಳಿಸುತ್ತೇನೆ ಎಂದಾಗ ಬೇಡ ಎನ್ನಲಿಲ್ಲ. ಹೆಸರು ಹೇಳಬೇಡ ಎಂದಳು. ಯಾರು ಬರೆದದ್ದು ಎಂದು ತಿಳಿಯದೆ ಅಮ್ಮ ಒಮ್ಮೆ ಓದಲಿ, ಚೆನ್ನಾಗಿದೆ ಎಂದರೆ ಆಮೇಲೆ ಹೇಳೋಣ, ಹೇಳಿ ಮನೆಗೆ ಹೋಗುತ್ತೇನೆ ಎಂದಳು. ಇದಕ್ಕಾಗಿ ಕಾದಿದ್ದಳು ಅಕ್ಕಾ. ನಿನ್ನ ಸೀಟಿಗಾಗಿ ಅಲ್ಲ.

ತಪ್ಪು ನನ್ನದು. ನಿನ್ನ ಕಾಗದವನ್ನು ಮೊದಲು ಒಬ್ಬಳೇ ಓದಿಕೊಳ್ಳಬೇಕಿತ್ತು. ಪದ್ಧತಿ ಅಲ್ಲವೇ, ಒಡೆದು ನೇರ ಓದಲು ಶುರು ಮಾಡಿದೆ, ನಿನ್ನ ಧಾಟಿಯಲ್ಲಿ, ನಿನ್ನ ಥರವೇ ನಿಲ್ಲಿಸಿ ನಿಲ್ಲಿಸಿ. 'ಕಣ್ಣಿದೆ' ಎಂದು ಓದಿದಾಗ ಅವಳ ಮುಖ ನೋಡಬೇಕಿತ್ತು ನೀನು. ಅದನ್ನು ನೋಡಿ ನನಗೂ ಖುಷಿಯಾಗಿ ಇನ್ನೂ ಜೋರಾಗಿ ಓದಿದೆ. ಕುಡುಕ ಅಪ್ಪ ಬರುವ ಹೊತ್ತಿಗೆ ನಿಲ್ಲಿಸಬಹುದಿತ್ತು. ಎಲ್ಲರೂ ನಗುತ್ತಿದ್ದರು, ನನಗೆ ಅರ್ಥವಾಗುವಷ್ಟರಲ್ಲಿ ಬಾಯಿ ಮುಂದೆ ಹೋಗಿತ್ತು. ಮುಗಿದ ಮೇಲೆ ಪದ್ಧತಿಯಂತೆ ಮೊದಲ ದಾಳ ಅವಳ ಕೈಗೆ ಕೊಟ್ಟರು. ಅವಳು ಅದನ್ನು ಮೇಜಿನ ಮೇಲೆ ಇಟ್ಟಳು. ಸದ್ದೇ ಆಗಲಿಲ್ಲ.

ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ಹೋಗಿ ನಿಂತೆ. ಅಳುತ್ತಿರಲಿಲ್ಲ. "ಅಮ್ಮ ಸರಿಯಾಗೇ ಓದಿದ್ಲು ಚಿಕ್ಕಮ್ಮ. ನನ್ನನ್ನ ಪೂರ್ತಿ ಓದಿದ್ದು ಇದೇ ಮೊದಲು. ನಾನು ಅಂತ ಗೊತ್ತಿಲ್ದೆ ಇದ್ದಿದ್ರಿಂದ ಆಯ್ತು" ಎಂದಳು.

ಶನಿವಾರದ ಬಸ್ಸಿಗೆ ಹತ್ತಿಸು ಎಂದಿದ್ದೀಯ. ಆ ಕಡೆ ತಲೆ ಹಾಕಬೇಡ ಎಂದು ಹೇಳಿದವಳೂ ನೀನೇ, ಐದು ಜನರ ಮುಂದೆ. ಯಾವ ಮಾತು ನಡೆಸಲಿ?

ಬುಗುರಿ


ಜುಲೈ ೧೮

ಬುಗುರಿ,

ಏಳನೇ ಅಧ್ಯಾಯವನ್ನು ಹಿಂದಕ್ಕೆ ಕಳಿಸಿದ್ದೇನೆ. ತಿದ್ದುಪಡಿ ಇಲ್ಲ.

ಅಕ್ಕ


ಜುಲೈ ೩೦

ಬುಗುರಿ,

ನಾನು ಅವಳ ಮೇಲೆ ಒಂದು ದಿನವೂ ಕೈ ಎತ್ತಿದವಳಲ್ಲ. ಈ ವಾಕ್ಯದಿಂದ ಶುರುಮಾಡಿ ಮೂರು ಪುಟ ಬರೆದಿದ್ದೆ. ಹರಿದು ಹಾಕಿದೆ. ವಾದ ಬಹಳ ಚೆನ್ನಾಗಿ ಬಂದಿತ್ತು, ಅದೇ ತೊಂದರೆ.

ನೀನು ಮಾಡಿದ್ದು ಮೂರ್ಖತನ. ಅದನ್ನು ಬಿಟ್ಟುಕೊಡುವುದಿಲ್ಲ. ಬೇರೊಬ್ಬರ ಕಾಗದವನ್ನು ಕೋಡಂಗಿಯಂತೆ ಕುಣಿಯುತ್ತಾ ಓದುವವಳು, ಮುಂದಿನ ಸಾಲಿನಲ್ಲಿ ಏನಿದೆ ಎಂದು ಕಣ್ಣಾಡಿಸುವಷ್ಟೂ ತಾಳ್ಮೆ ಇಲ್ಲದವಳು. ಹುಟ್ಟಿದಾಗಿನಿಂದ ಹೀಗೆಯೇ. ಬೈದು ಮುಗಿಯಿತು. ನೀನು ಓದಿದೆ, ಬರೆದವಳು ನಾನು.

ಮೊನ್ನೆ ಕಾಲೇಜಿನಿಂದ ಮನೆಗೆ ಬಂದಾಗ ನಿನ್ನ ಭಾವ ಎಂದಿನಂತೆ ಪೇಪರು ಹಿಡಿದು ಕೂತಿದ್ದರು. ನಾನು ಬೀಗದ ಕೈ ಇಡಲು ಹೋದೆ. ಪೇಪರಿನ ಅಂಚಿನಿಂದ ಅವರ ಕಣ್ಣು ನನ್ನ ಕೈಯ ಹಿಂದೆಯೇ ಮೇಜಿನವರೆಗೆ ಬಂತು. ಇಷ್ಟು ವರ್ಷ ಈ ಮನುಷ್ಯ ಓದುತ್ತಿದ್ದದ್ದು ಪೇಪರಲ್ಲ. ಮನೆಯಲ್ಲಿ ಇಬ್ಬರು ಕಣಿಯವರನ್ನು ಸಾಕಿಕೊಂಡು, ಅವರನ್ನು ದಡ್ಡರು ಎಂದು ತಿಳಿದುಕೊಂಡು, ನಾನು ಹೊರಗೆ ಹೋಗಿ ಮಕ್ಕಳಿಗೆ ಪದ್ಯದಲ್ಲಿ ಮೌನವನ್ನು ಹೇಗೆ ಓದಬೇಕೆಂದು ಪಾಠ ಮಾಡುತ್ತಿದ್ದೆ. ಎಸೆಯಬೇಕೋ ಇಡಬೇಕೋ ತಿಳಿಯಲಿಲ್ಲ. ಮುಷ್ಟಿಯಲ್ಲೇ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಆಮೇಲೆ ಅವರು ಬಂದು ಏನಾಯಿತು ಎಂದು ಕೇಳಿದರು. ಕೇಳಬೇಕಾಯಿತಲ್ಲ, ಪಾಪ. ಅವರಿಗೂ ಅರ್ಥವಾಗಿರಲಿಲ್ಲ.

ಸೀಟಿನ ಗಡುವು ನಾಳೆ. ಕಚೇರಿಯ ಗುಮಾಸ್ತ ಸ್ಟಾಫ್ ರೂಮಿಗೇ ಬಂದು, ಮಗಳ ಪರವಾಗಿ ನೀವೊಂದು ಸಹಿ ಹಾಕಿದರೆ ಮುಂದಿನ ವರ್ಷದವರೆಗೂ ಇಡುತ್ತೇವೆ ಮೇಡಂ, ಯಾರೂ ಕೇಳುವುದಿಲ್ಲ ಎಂದ. ಪೆನ್ನನ್ನೂ ಮುಚ್ಚಳ ತೆಗೆದು ಕೊಟ್ಟ. ಅವಳ ಸೀಟು, ಅವಳ ಸಹಿ ಎಂದೆ. ಮುಖ್ಯಸ್ಥರು ಚೀಲವನ್ನು ತಬ್ಬಿಕೊಂಡೇ ನನ್ನ ಕಡೆ ತಿರುಗಿ ಸಂತಾಪ ಸೂಚಿಸಿದರು. ಇಂಥವರ ಮುಂದೆ ತಲೆ ಎತ್ತಿಕೊಂಡಿರಬೇಕೆಂದು ನಾನು ಒಂದು ಹುಡುಗಿಯನ್ನು ಇಪ್ಪತ್ತು ವರ್ಷ ತಿದ್ದಿದೆ.

ಒಳಗೆ ಇನ್ನೊಂದು ಲಕೋಟೆ ಇದೆ. ಅವಳಿಗೆ. ಮೇಜಿನ ಮುಂದೆ ಅಲ್ಲ. ನೀನೂ ನೋಡಬೇಡ. ಅದರಲ್ಲಿ 'ಬಾ' ಎಂದು ಬರೆದಿಲ್ಲ. ಎಷ್ಟು ಸಲ ಬರೆದರೂ ಪ್ರತಿ ವಾಕ್ಯವೂ ಅಂಚಿನಲ್ಲಿ ಹಾಕಿದ ಟಿಪ್ಪಣಿಯಂತೆ ಕಾಣುತ್ತಿತ್ತು. ಕೊನೆಗೆ ಟಿಪ್ಪಣಿಯಲ್ಲದ್ದು ಒಂದು ಸಿಕ್ಕಿತು, ಅದನ್ನಷ್ಟೇ ಬರೆದೆ. ವ್ಯಾಕರಣ ಸರಿ ಇದೆಯೇ ನೋಡಲಿಲ್ಲ.

ಅಕ್ಕ


ಆಗಸ್ಟ್ ೬

ಅಕ್ಕಾ,

ನಾನು ಮೂರ್ಖಳೇ. ಅದರಲ್ಲಿ ವಾದವಿಲ್ಲ.

ಸೀಟು ಹೋದದ್ದನ್ನು, ಗುಮಾಸ್ತ ನಿನಗೆ ಪೆನ್ನು ಕೊಟ್ಟದ್ದನ್ನು ಹೇಳಿದೆ. ನಿಟ್ಟುಸಿರು ಬಿಡುತ್ತಾಳೆ ಎಂದುಕೊಂಡಿದ್ದೆ. "ಅಮ್ಮ ಸಹಿ ಹಾಕ್ಲಿಲ್ವಾ?" ಎಂದಳು. ಇಲ್ಲ ಎಂದೆ. ಸ್ವಲ್ಪ ಹೊತ್ತು ಬಿಟ್ಟು, ಅಂಟಿನ ಕುಂಚ ಹಿಡಿದುಕೊಂಡೇ ಬಂದು, "ಪೆನ್ನು ಕೊಟ್ರೂ ಹಾಕ್ಲಿಲ್ವಾ?" ಎಂದು ಮತ್ತೆ ಕೇಳಿದಳು.

ಲಕೋಟೆಯನ್ನು ಇಂದು ಬೆಳಿಗ್ಗೆ ಕೊಟ್ಟೆ. ಧೈರ್ಯ ಮಾಡಲು ಇಷ್ಟು ದಿನ ಬೇಕಾಯಿತು, ನನಗೆ. ನಿನಗೊಂದು ವಿಷಯ ಗೊತ್ತಿಲ್ಲ: ನಿನ್ನ ಕಾಗದ ಬಂದಾಗಲೆಲ್ಲ ಒಡೆಯುವ ಮೊದಲೇ ಅವಳು ಕೈಯಲ್ಲಿ ತೂಗಿ, ನೀನು ವಿಳಾಸ ಬರೆದ ರೀತಿ ನೋಡಿ, ಇದರಲ್ಲಿ ಕಾಲೇಜು, ಇದರಲ್ಲಿ ವ್ಯಾಕರಣ, ಇದರಲ್ಲಿ ಚಿಕ್ಕಮ್ಮನಿಗೆ ಬೈಗುಳ ಎಂದು ಹೇಳಿಬಿಡುತ್ತಿದ್ದಳು. ಒಂದು ಸಲವೂ ತಪ್ಪಿರಲಿಲ್ಲ, ಆ ಒಂದು ಕಾಗದ ಬಿಟ್ಟು.

ಇದನ್ನು ಹಿಂದೆ ಮುಂದೆ ತಿರುಗಿಸಿದಳು. ಕಿಟಕಿಯ ಬೆಳಕಿಗೆ ಹಿಡಿದಳು. ಹೊಲಿಗೆಯ ಮಣೆ ಸರಿಸಿ, ಅದನ್ನು ಎದುರಿಗಿಟ್ಟುಕೊಂಡು ಕೂತಳು. ಗಿರಾಕಿ ಬಂದರು, ನಾನೇ ನೋಡಿಕೊಂಡೆ. ಅವರು ಹೋದ ಮೇಲೂ ಹಾಗೇ ಕೂತಿದ್ದಳು.

"ಇದ್ರಲ್ಲಿ ಏನಿದೆ ಅಂತ ಗೊತ್ತಾಗ್ತಾ ಇಲ್ಲ ಚಿಕ್ಕಮ್ಮ" ಎಂದಳು.

ಹೆದರಿಕೆ ಆಗುತ್ತಿದೆಯಾ ಎಂದು ಕೇಳಿದೆ.

"ಹೂಂ. ಆದ್ರೆ ಇಂಥದ್ದು ಮುಂಚೆ ಆಗಿಲ್ಲ."

ಒಬ್ಬಳೇ ಇರಲಿ ಎಂದು ಹಿಂದಿನ ಕೋಣೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಏನು ಬರೆದಿದ್ದೀಯೋ, ಹೋಗಿ ಇಣುಕಬೇಕು ಅನಿಸುತ್ತಿದೆ, ಇಣುಕುವುದಿಲ್ಲ. ಈಗಷ್ಟೇ ಲಕೋಟೆ ಹರಿದ ಸದ್ದು ಕೇಳಿಸಿತು.

ಬುಗುರಿ